‘ಹಾಗೆಲ್ಲ ಕೇಳಬಾರದು’ ಎನ್ನುವವರಿಗೆ

ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೊರಟಿದ್ದ ಬಸ್ಸು. ಮುಂದಿನ ಸೀಟಿನಲ್ಲಿ ತಾಯಿಯ ಹೆಗಲ ಮೇಲೆ ಗದ್ದ ಊರಿ ಹಿಂದಕ್ಕೆ ಮುಖ ಮಾಡಿದ್ದ ನಾಲ್ಕೈದು ವರ್ಷದ ಹುಡುಗಿ ನನ್ನ ಕೈಗಳನ್ನೇ ನೋಡುತ್ತಿದ್ದಳು. ಸೀಟಿನ ಸರಳು ಹಿಡಿದಿದ್ದ ನನ್ನ ಬೆರಳುಗಳು ಗೆಣ್ಣಿನವರೆಗೆ ಬೆಳ್ಳಗೆ, ಅಲ್ಲಿಂದ ಮೇಲೆ ಹುಟ್ಟಿದ ಬಣ್ಣ. ತುಟಿಯ ಸುತ್ತಲೂ ಹಾಗೇ. ನನಗೆ ತೊನ್ನು. ‘ಅಮ್ಮಾ, ಇವ್ರ ಕೈಗೆ ಏನಾಗಿದೆ?’ ಎಂದು ಹುಡುಗಿ ಕೇಳಿದಳು. ದನಿಯಲ್ಲಿ ಹೆದರಿಕೆ ಇರಲಿಲ್ಲ, ಅಸಹ್ಯ ಇರಲಿಲ್ಲ. ಚಿಟ್ಟೆಯನ್ನು ಕಂಡಾಗಲೂ ಅವಳು ಹಾಗೆಯೇ ಕೇಳುತ್ತಿದ್ದಳು. ತಾಯಿ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು, ‘ಶ್! ಹಾಗೆಲ್ಲ ಕೇಳಬಾರದು’ ಎಂದು ಅದರ ತಲೆಯನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ಕ್ಷಮಿಸಿ ಎನ್ನುವಂತೆ ನನ್ನತ್ತ ಒಮ್ಮೆ ನಕ್ಕಳು. ಕಿರವತ್ತಿ ದಾಟಿದರೂ ಮಗು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಆ ತಾಯಿ ಒಳ್ಳೆಯವಳು. ನನ್ನ ಮನಸ್ಸಿಗೆ ನೋವಾದೀತೆಂದು ಅವಳು ಮಗುವನ್ನು ತಡೆದಳು. ನನ್ನ ಜಗಳ ಅವಳೊಬ್ಬಳ ಜೊತೆಗಲ್ಲ. ಓದಿಕೊಂಡ ನಮ್ಮ ಸಮಾಜವೆಲ್ಲ ಒಪ್ಪಿಕೊಂಡಿರುವ ಒಂದು ನಂಬಿಕೆಯ ಜೊತೆಗೆ. ಮಕ್ಕಳಿಗೆ ಭೇದ ಗೊತ್ತಿಲ್ಲ, ಅದನ್ನು ತೋರಿಸಿಕೊಡುವವರು ದೊಡ್ಡವರು, ಮೈಬಣ್ಣ, ಮುಖ, ಮೈಕಟ್ಟುಗಳ ಮಾತನ್ನೇ ಎತ್ತದಿದ್ದರೆ ಮಕ್ಕಳು ತಾವಾಗಿಯೇ ಎಲ್ಲರನ್ನೂ ಒಂದೇ ಸಮ ಕಾಣುತ್ತಾರೆ ಎಂಬ ನಂಬಿಕೆ. ಶಿಕ್ಷಕರ ತರಬೇತಿಯಲ್ಲಿ ಇದನ್ನು ಕೇಳಿದ್ದೇನೆ, ಎಸ್‌ಡಿಎಂಸಿ ಸಭೆಗಳಲ್ಲಿ ಕೇಳಿದ್ದೇನೆ, ಶಾಲಾ ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳ ಭಾಷಣದಲ್ಲಂತೂ ಪ್ರತಿ ವರ್ಷ ಕೇಳುತ್ತೇನೆ. ಮಗುವಿನ ಮನಸ್ಸು ಬಿಳಿ ಹಾಳೆ ಎಂದು ಅವರು ಹೇಳುವಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಉತ್ತರ ಕನ್ನಡದ ಕಾಡಂಚಿನ ಶಾಲೆಗಳಲ್ಲಿ 23 ವರ್ಷ ಅಕ್ಕೋರಾಗಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ: ಈ ನಂಬಿಕೆ ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಇದು ಮಕ್ಕಳನ್ನು ಕೆಡಿಸುತ್ತಿದೆ.

ಮಕ್ಕಳು ಕಾಣುತ್ತಾರೆ. ನಲವತ್ತು ಎಮ್ಮೆಗಳ ನಡುವೆ ತನ್ನ ಮನೆಯ ಎಮ್ಮೆಯನ್ನು ಕೊಂಬಿನ ಬಾಗು ನೋಡಿಯೇ ಗುರುತಿಸುವ ಗೌಳಿ ಹುಡುಗನಿಗೆ, ಪಕ್ಕದಲ್ಲಿ ಕೂತ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಗೆಳೆಯನ ಗುಂಗುರು ಕೂದಲು ಕಾಣುವುದಿಲ್ಲವೇ? ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು ಹಸುಗೂಸುಗಳಿಗೆ ಬೇರೆ ಬೇರೆ ಜನಾಂಗಗಳ ಮುಖಗಳನ್ನು ತೋರಿಸಿ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಆಗಷ್ಟೇ ಹುಟ್ಟಿದ ಶಿಶುಗಳು ಎಲ್ಲ ಮುಖಗಳನ್ನೂ ಒಂದೇ ರೀತಿ ನೋಡಿದವು. ಮೂರು ತಿಂಗಳಾಗಿದ್ದ ಕೂಸುಗಳು ತಮ್ಮವರಂತೆ ಕಾಣುವ ಮುಖಗಳನ್ನೇ ಹೆಚ್ಚು ಹೊತ್ತು ನೋಡಿದವು. ಅಲ್ಲಿ ದ್ವೇಷವೇನೂ ಇಲ್ಲ, ದಿನವೂ ಕಂಡ ಮುಖ ಹಿತವೆನಿಸುತ್ತದೆ, ಅಷ್ಟೇ. ಆದರೆ ಮಗುವಿಗೆ ವ್ಯತ್ಯಾಸ ಕಾಣುವುದೇ ಇಲ್ಲ ಎನ್ನುವವರ ವಾದ ಆ ಮೂರನೇ ತಿಂಗಳಿಗೇ ಮುಗಿಯಿತು.

ನಾವು ಏನನ್ನೂ ಹೇಳಿಕೊಡುತ್ತಿಲ್ಲ ಎಂಬ ಮಾತಂತೂ ಇನ್ನೂ ದೊಡ್ಡ ಸುಳ್ಳು. ಮಗು ಹೊಟ್ಟೆಯಲ್ಲಿರುವಾಗಲೇ ಬಸುರಿಗೆ ಕೇಸರಿ ಹಾಲು ಕುಡಿಸುತ್ತೇವೆ, ಕೂಸು ಬೆಳ್ಳಗೆ ಹುಟ್ಟಲಿ ಎಂದು. ತೊಟ್ಟಿಲ ಬಳಿಗೆ ಬಂದ ನೆಂಟರ ಮೊದಲ ಮಾತು ಬಣ್ಣದ್ದು. ಫೇರ್ ಅಂಡ್ ಲವ್ಲಿ ಎಂಬ ಹೆಸರು 1975ರಿಂದ 2020ರವರೆಗೆ ಮನೆಮನೆಯ ಕನ್ನಡಿಯ ಮುಂದೆ ಇತ್ತು. ನಲವತ್ತೈದು ವರ್ಷ ಅದು ಯಾವ ಪಾಠ ಹೇಳಿತು ಎಂಬುದನ್ನು ನಮ್ಮಲ್ಲಿ ಮೂರು ತಲೆಮಾರಿನ ಹೆಣ್ಣುಮಕ್ಕಳು ಬಲ್ಲರು. ಶಾಲೆಯ ಬಣ್ಣದ ಪೆನ್ಸಿಲ್ ಡಬ್ಬಿಯಲ್ಲಿ ಒಂದು ತೆಳು ಗುಲಾಬಿ ಕಡ್ಡಿ ಇರುತ್ತದೆ. ಮಕ್ಕಳೆಲ್ಲ ಅದನ್ನು ‘ಸ್ಕಿನ್ ಕಲರ್’ ಎನ್ನುತ್ತಾರೆ. ಅಮೆರಿಕದ ಕ್ರೇಯೋಲಾ ಕಂಪನಿ ಆ ಬಣ್ಣಕ್ಕಿದ್ದ ಮೈಬಣ್ಣವೆಂಬ ಹೆಸರನ್ನು 1962ರಲ್ಲೇ ಕೈಬಿಟ್ಟು ಹಣ್ಣಿನ ಹೆಸರಿಟ್ಟಿತು. ನಮ್ಮ ತರಗತಿಗಳಲ್ಲಿ ಆ ಮಾತು ಇಂದಿಗೂ ನಡೆಯುತ್ತಿದೆ. ನನ್ನ ಎರಡನೇ ತರಗತಿಯ ಸಿದ್ದಿ ಹುಡುಗನೊಬ್ಬ ತನ್ನ ಮನೆಯವರ ಚಿತ್ರ ಬರೆದು ಅಪ್ಪ, ಅಮ್ಮ, ಅಜ್ಜಿ, ತಾನು ಎಲ್ಲರಿಗೂ ಅದೇ ಗುಲಾಬಿ ಬಣ್ಣ ತುಂಬಿದ. ಯಾಕೋ ಎಂದು ಕೇಳಿದೆ. ‘ಇದು ಸ್ಕಿನ್ ಕಲರ್ ಅಲ್ವಾ ಅಕ್ಕೋರೆ’ ಎಂದ. ಅವನಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

2020ರಲ್ಲಿ ಪಶ್ಚಿಮ ಬಂಗಾಳದ ಶಾಲೆಯೊಂದರ ಪುಟ್ಟ ಮಕ್ಕಳ ಇಂಗ್ಲಿಷ್ ಅಕ್ಷರಮಾಲೆ ಸುದ್ದಿಯಾಯಿತು. ‘ಯು’ ಅಕ್ಷರಕ್ಕೆ ‘ಅಗ್ಲಿ’ ಎಂಬ ಪದ, ಅದರ ಪಕ್ಕದಲ್ಲಿ ಕಪ್ಪು ಹುಡುಗನೊಬ್ಬನ ಚಿತ್ರ. ಇಬ್ಬರು ಶಿಕ್ಷಕಿಯರು ಅಮಾನತಾದರು. ಆ ಸುದ್ದಿ ಓದಿ ನಮ್ಮಲ್ಲಿ ಅನೇಕರು ಹೌಹಾರಿದರು. ಆದರೆ ನಮ್ಮ ಮಕ್ಕಳ ಛದ್ಮವೇಷ ಸ್ಪರ್ಧೆಗಳಲ್ಲಿ ಮಗುವಿನ ಮೈಗೆಲ್ಲ ಮಸಿ ಬಳಿದು, ಸೊಪ್ಪು ಸುತ್ತಿ, ಕೈಗೆ ಕೋಲು ಕೊಟ್ಟು ‘ಕಾಡುಮನುಷ್ಯ’ ಎಂದು ವೇದಿಕೆಗೆ ಕಳಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ಮುಂದಿನ ಸಾಲಿನಲ್ಲಿ ಸಿದ್ದಿ ಮಕ್ಕಳು ಕೂತಿದ್ದರು. ಜನ ನಕ್ಕರು. ಆ ಮಕ್ಕಳೂ ನಕ್ಕರು. ಬೇರೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ನನಗೂ ಆ ದಿನ ತಿಳಿಯಲಿಲ್ಲ, ಕೂತೇ ಇದ್ದೆ.

ನಮ್ಮ ಕಥೆಗಳನ್ನೇ ನೋಡಿ. ಮಂಥರೆಯ ಗೂನು ಬೆನ್ನೇ ಅವಳ ಕೆಟ್ಟತನದ ಗುರುತು. ಟಿವಿಯ ಮಹಾಭಾರತದಲ್ಲಿ ಶಕುನಿ ಕುಂಟುತ್ತಾ ಬಂದ, ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆ ನಾಲಿಗೆಯ ಮೇಲೆ ಮೊದಲೇ ಇತ್ತು. ಒಪ್ಪಿಕೊಳ್ಳುವುದನ್ನು ಕಲಿಸುತ್ತವೆ ಎಂದು ನಾವು ನಂಬಿರುವ ಕಥೆಗಳು ಇದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತವೆ ಎಂಬುದು ನನ್ನ ಅನುಭವ. ಕೃಷ್ಣ ಕುಬ್ಜೆಯನ್ನು ಒಪ್ಪಿದ, ಆದರೆ ಮೊದಲು ಅವಳ ಬೆನ್ನನ್ನು ನೆಟ್ಟಗೆ ಮಾಡಿದ. ಆಂಡರ್ಸನ್ನನ ಕಥೆಯ ಕುರೂಪಿ ಬಾತುಮರಿಗೆ ಅವಮಾನ ತಪ್ಪಿದ್ದು ಅದು ಹಂಸವೆಂದು ಗೊತ್ತಾದ ಮೇಲೆ. ಜನಕನ ಸಭೆಯಲ್ಲಿ ಅಷ್ಟಾವಕ್ರನಿಗೆ ಮರ್ಯಾದೆ ಸಿಕ್ಕಿದ್ದು ವಾದದಲ್ಲಿ ಎಲ್ಲರನ್ನೂ ಮೀರಿಸಿದ ಬಂದಿಯನ್ನು ಗೆದ್ದ ಮೇಲೆ. ವಾದ ಗೆಲ್ಲಲಾರದ ವಕ್ರ ಮೈಯ ಹುಡುಗ ಎಲ್ಲಿಗೆ ಹೋಗಬೇಕು? ನನ್ನ ತರಗತಿಯಲ್ಲಿ ಮಗ್ಗಿ ಬಾರದ, ಓಟದಲ್ಲಿ ಹಿಂದುಳಿಯುವ, ಹಾಡಲು ಬಾರದ, ಮೇಲ್ದುಟಿ ಸೀಳಿ ಹೊಲಿಗೆಯ ಗೆರೆ ಉಳಿದ ಹುಡುಗಿ ಇದ್ದಳು. ಅವಳಿಗೆ ಆಗುವಂಥ ಒಂದು ಕಥೆ ಹುಡುಕಿದೆ. ಸಿಗಲಿಲ್ಲ.

ಇನ್ನು ಮೌನದ ಮಾತು. ನನಗೆ ಮೊದಲ ಮಚ್ಚೆ ಕಾಣಿಸಿಕೊಂಡದ್ದು ಮದುವೆಯಾಗಿ ಎರಡು ವರ್ಷಕ್ಕೆ, ಬಲಗೈ ಹೆಬ್ಬೆರಳ ಬುಡದಲ್ಲಿ. ನಮ್ಮ ಅಜ್ಜಿ ಆ ರೋಗದ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. ‘ಅದು’ ಎನ್ನುತ್ತಿದ್ದರು. ಮೀನು ತಿಂದು ಹಾಲು ಕುಡಿದಿದ್ದಕ್ಕೆ ಬಂತು ಎಂದು ಒಬ್ಬರು, ನಾಗದೋಷ, ಸರ್ಪಸಂಸ್ಕಾರ ಮಾಡಿಸಿ ಎಂದು ಇನ್ನೊಬ್ಬರು. ಹೆಸರು ಹೇಳದ ಮನೆಗಳಲ್ಲಿ ಎರಡು ಬೇರೆ ಬೇರೆ ರೋಗಗಳು ಒಂದಾಗಿಬಿಟ್ಟವು. ತೊನ್ನನ್ನು ‘ಶ್ವೇತಕುಷ್ಠ’ ಎಂದು ಕರೆದವರು ಕುಷ್ಠದ ಹೆದರಿಕೆಯನ್ನೆಲ್ಲ ತಂದು ಇದಕ್ಕೆ ಅಂಟಿಸಿದರು. ತೊನ್ನು ಅಂಟುರೋಗವಲ್ಲ. ಮೈಯ ರಕ್ಷಣಾ ಶಕ್ತಿ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲುವುದರಿಂದ ಇದು ಬರುತ್ತದೆ. ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದೆ, ಬೆಳ್ಳಗಿನವರಿಗೂ ಇದೆ, ಕಪ್ಪು ಮೈಯ ಮೇಲೆ ಹೆಚ್ಚು ಎದ್ದು ಕಾಣುತ್ತದೆ. ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಕುಷ್ಠಕ್ಕಾದರೂ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ, ಕುಷ್ಠವೆಂಬ ಕಾರಣ ಕೊಟ್ಟು ವಿಚ್ಛೇದನ ಕೇಳುವ ಅವಕಾಶವನ್ನು ನಮ್ಮ ಕಾನೂನು ತೆಗೆದುಹಾಕಿದ್ದು 2019ರಲ್ಲಿ. ಮಾತ್ರೆ ಬಂದು 38 ವರ್ಷವಾದರೂ ಕಾನೂನಿನ ಹೆದರಿಕೆ ಹೋಗಿರಲಿಲ್ಲ. ‘ಹಾಗೆಲ್ಲ ಕೇಳಬಾರದು’ ಎಂದು ಬಾಯಿ ಮುಚ್ಚಿಸಿಕೊಂಡ ಮಕ್ಕಳೇ ದೊಡ್ಡವರಾಗಿ ಆ ಕಾನೂನುಗಳನ್ನು ಕಾಯ್ದುಕೊಂಡು ಕೂತಿದ್ದರು.

ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳಬೇಕು. ಬಿಸಿಯೂಟದ ಹೊತ್ತಿಗೆ ಅಡುಗೆಯವರಿಗೆ ನೆರವಾಗಲು ನಾವು ಶಿಕ್ಷಕರೂ ಸೌಟು ಹಿಡಿಯುತ್ತಿದ್ದೆವು. ಅಷ್ಟು ಹೊತ್ತಿಗೆ ನನ್ನ ಕೈಗಳ ಬಿಳುಪು ಎದ್ದು ಕಾಣುವಷ್ಟು ಹರಡಿತ್ತು. ಒಂದು ದಿನ ಮೂರ್ನಾಲ್ಕು ತಂದೆ ತಾಯಿ ಬಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಮಾತಾಡಿ ಹೋದರು. ಸಂಜೆ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ‘ನೀವು ಸುಮ್ಮನೆ ಯಾಕೆ ತೊಂದರೆ ತಗೊಳ್ತೀರಿ, ಬಡಿಸೋದನ್ನ ಬೇರೆಯವರು ನೋಡ್ಕೊಳ್ತಾರೆ’ ಎಂದರು. ದನಿ ಬಹಳ ಮೃದುವಾಗಿತ್ತು. ಮಕ್ಕಳಿಗೆ ಯಾರೂ ಏನೂ ಹೇಳಬೇಕಾಗಿಲ್ಲ, ಅವರ ಮನಸ್ಸು ಕೆಡುವುದು ಬೇಡ ಎಂದೂ ಸೇರಿಸಿದರು. ಮಾರನೆಯ ದಿನ ನಾನು ಹಟ ಹಿಡಿದು ಸಾರಿನ ಪಾತ್ರೆಯ ಮುಂದೆ ನಿಂತೆ. ಎರಡು ಸಾಲುಗಳಾಗಬೇಕಿತ್ತು. ನನ್ನ ಮುಂದೆ ಯಾರೂ ಇರಲಿಲ್ಲ. ಮಕ್ಕಳು ತಲೆ ತಗ್ಗಿಸಿ ಆ ಕಡೆಯ ಸಾಲಿನಲ್ಲಿ ಒತ್ತೊತ್ತಾಗಿ ನಿಂತಿದ್ದರು. ಆಗ ನಾಲ್ಕನೇ ತರಗತಿಯ ಒಬ್ಬ ಹುಡುಗಿ ಆ ಸಾಲು ಬಿಟ್ಟು ಬಂದು ತಟ್ಟೆ ಚಾಚಿದಳು. ‘ನೀವೇ ಹಾಕಿ ಅಕ್ಕೋರೆ’ ಎಂದಳು. ಅವಳ ಹಿಂದೆ ಇನ್ನಿಬ್ಬರು ಬಂದರು.

ಮಕ್ಕಳ ಮುಗ್ಧತೆಯನ್ನು ಹಾಡಿಹೊಗಳುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಕಥೆ ಇಲ್ಲಿಗೆ ನಿಲ್ಲಲಿಲ್ಲ. ಆ ಹುಡುಗಿಗೆ ಆ ರಾತ್ರಿ ಮನೆಯಲ್ಲಿ ಏಟು ಬಿತ್ತು. ಮರುದಿನ ಅವಳು ಆ ಸಾಲಿನಲ್ಲಿದ್ದಳು. ನನ್ನ ಕಣ್ಣಿಗೆ ಬೀಳದಂತೆ ಇನ್ನೊಬ್ಬಳ ಬೆನ್ನ ಹಿಂದೆ ನಿಂತಿದ್ದಳು. ಒಂಬತ್ತು ವರ್ಷದ ಮಗು ಒಂಟಿಯಾಗಿ ಹೊರಬಲ್ಲ ಭಾರ ಅದಾಗಿರಲಿಲ್ಲ. ಅವಳ ಜೊತೆ ನಿಲ್ಲಬೇಕಾಗಿದ್ದ ದೊಡ್ಡವರೆಲ್ಲ ‘ಮಕ್ಕಳಿಗೆ ಏನೂ ಹೇಳುವುದು ಬೇಡ’ ಎಂದು ತೀರ್ಮಾನಿಸಿ ಕೈತೊಳೆದುಕೊಂಡಿದ್ದರು. ಯಾರಾದರೂ ಒಬ್ಬರು ಆ ದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ನಿಂತು, ಇದು ತೊನ್ನು, ಇದು ಅಂಟುವುದಿಲ್ಲ, ಅಕ್ಕೋರ ಕೈಯಿಂದ ನಾನೂ ಉಣ್ಣುತ್ತೇನೆ ಎಂದು ಹೇಳಿದ್ದರೆ ಸಾಕಿತ್ತು. ಐದು ನಿಮಿಷದ ಮಾತು. ಆ ಐದು ನಿಮಿಷದ ಸಂಕೋಚಕ್ಕೆ ಒಂದು ಮಗುವಿನ ಧೈರ್ಯವನ್ನು ಬಲಿಕೊಟ್ಟರು. ನನಗಾದ ಅವಮಾನವನ್ನು ನಾನು ಮರೆತೇನು, ಆ ಹುಡುಗಿ ಕಣ್ಣು ತಪ್ಪಿಸಿದ್ದನ್ನು ಮರೆಯಲಾರೆ.

ಸುಮ್ಮನಿರುವುದು ತಪ್ಪು ಎಂದು ಒಪ್ಪುವವರಲ್ಲೂ ಅನೇಕರು ‘ಎಲ್ಲರ ರಕ್ತವೂ ಕೆಂಪು’ ಎಂದು ಒಂದು ಮಾತು ಹೇಳಿ ಮುಗಿಸುತ್ತಾರೆ, ಇಲ್ಲವೇ ‘ಅಯ್ಯೋ ಪಾಪ’ ಎನ್ನಲು ಕಲಿಸುತ್ತಾರೆ. ರಕ್ತ ಕೆಂಪು, ನಿಜ. ಮಗು ಕೇಳಿದ್ದು ಚರ್ಮದ ವಿಷಯ. ನನ್ನ ಚರ್ಮವನ್ನು ದಾಟಿ ಒಳಗೆ ಹೋದರೆ ಮಾತ್ರ ನಾನು ಮನುಷ್ಯಳೇ? ಪಾಪ ಎನ್ನುವುದನ್ನು ಕಲಿತ ಮಗು ನನಗೆ ಚಾಕಲೇಟು ತಂದುಕೊಡುತ್ತದೆ, ನನ್ನ ಪಕ್ಕ ಕೂರುವುದಿಲ್ಲ.

ನಾನೂ ತಪ್ಪು ಮಾಡಿದ್ದೇನೆ. ನಲಿ-ಕಲಿ ತರಗತಿಯಲ್ಲಿ ಮೂವರು ಹುಡುಗರು ಸಿದ್ದಿ ಹುಡುಗನೊಬ್ಬನ ಕೂದಲನ್ನು ಎಳೆದು ಬಿಟ್ಟು, ಅದು ಸ್ಪ್ರಿಂಗಿನಂತೆ ಮತ್ತೆ ಸುತ್ತಿಕೊಳ್ಳುವುದನ್ನು ನೋಡಿ ನಗುತ್ತಿದ್ದರು. ಅವನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. ನಾನು ಆ ಮೂವರನ್ನು ಬೈದು, ಮಾರನೆಯ ದಿನ ಮಲಿಕ್ ಅಂಬರನ ಕಥೆ ಹೇಳಿದೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ರಾಜ್ಯವನ್ನೇ ನಡೆಸಿ ಮೊಘಲರನ್ನು ತಡೆದು ನಿಲ್ಲಿಸಿದವನು. ನಮ್ಮ ವಿಜಯಪುರದಲ್ಲಿ, ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನನೂ ಆಫ್ರಿಕಾ ಮೂಲದವನೇ ಎಂದೆ. ಮಕ್ಕಳು ಕಣ್ಣರಳಿಸಿ ಕೇಳಿದರು. ವಾರದ ನಂತರ ಜಗಳದಲ್ಲಿ ಒಬ್ಬ ಅದೇ ಹುಡುಗನಿಗೆ, ‘ನೀನೇನು ಮಲಿಕ್ ಅಂಬರನಾ?’ ಎಂದ. ಅಷ್ಟಾವಕ್ರನ ಕಥೆ ಮಾಡುವುದನ್ನೇ ನಾನೂ ಮಾಡಿದ್ದೆ. ಆ ಹುಡುಗನ ಮರ್ಯಾದೆಯನ್ನು ಸತ್ತ ಸೇನಾಪತಿಯೊಬ್ಬನ ಕತ್ತಿಗೆ ಕಟ್ಟಿದ್ದೆ.

ಮತ್ತೆ ಮೊದಲಿಂದ ಶುರುಮಾಡಿದೆ. ಸಿದ್ದಿಗಳು ಇಲ್ಲಿಗೆ ಹೇಗೆ ಬಂದರು ಎಂಬುದನ್ನು ಹೇಳಿದೆ. ಪೂರ್ವ ಆಫ್ರಿಕಾದಿಂದ ಅವರ ಹಿರಿಯರನ್ನು ಗುಲಾಮರನ್ನಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಸೇರಿದರು, ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಊರುಗಳಲ್ಲಿ ಅವರು ನೂರಾರು ವರ್ಷಗಳಿಂದ ಇದ್ದಾರೆ, ನಮ್ಮಲ್ಲಿ ಅನೇಕರ ಮನೆತನಗಳು ಇಲ್ಲಿಗೆ ಬಂದದ್ದು ಅವರಿಗಿಂತ ಈಚೆಗೆ. ಕೂದಲು ಯಾಕೆ ಗುಂಗುರಾಗುತ್ತದೆ, ಬಿಸಿಲಿನ ನಾಡಿನಲ್ಲಿ ಕಪ್ಪು ಚರ್ಮ ಮೈಯನ್ನು ಹೇಗೆ ಕಾಯುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಡಬ್ಬಿಯ ಬಣ್ಣದ ಕಡ್ಡಿಗಳನ್ನೆಲ್ಲ ಸುರಿದು, ನಿಮ್ಮ ನಿಮ್ಮ ಕೈಗೆ ಹೊಂದುವ ಬಣ್ಣ ಬೆರೆಸಿ ಮಾಡಿ ಎಂದೆ. ಇಡೀ ತರಗತಿಯಲ್ಲಿ ಒಬ್ಬರಿಗೂ ಗುಲಾಬಿ ಕಡ್ಡಿ ಒಂದೇ ಸಾಲಲಿಲ್ಲ. ನನ್ನ ಕೈಗೆ ಎರಡು ಬಣ್ಣ ಬೇಕಾದವು, ಅದಕ್ಕಾಗಿ ಜಗಳವೇ ಆಯಿತು, ನಾನು ನಾನು ಎಂದು. ಕೊನೆಗೆ ಎಲ್ಲಕ್ಕಿಂತ ಕಷ್ಟದ ಪಾಠ: ಕೂದಲು ಎಳೆಯುವವರಿಗಲ್ಲ, ಪಕ್ಕದಲ್ಲಿ ನಿಂತು ನೋಡುವವರಿಗೆ. ಯಾರಾದರೂ ಯಾರನ್ನಾದರೂ ಮೈಬಣ್ಣಕ್ಕೆ, ಮುಖಕ್ಕೆ, ನಡಿಗೆಗೆ ಅಣಕಿಸಿದರೆ ನೀವು ಏನು ಮಾಡುತ್ತೀರಿ? ಎದ್ದು ಹೋಗಿ ಅವನ ಪಕ್ಕ ಕೂರಿ, ಹೊಡೆದಾಡಬೇಡಿ, ‘ಬಿಡೋ ಅವನನ್ನ’ ಎಂದು ಗಟ್ಟಿಯಾಗಿ ಹೇಳಿ, ಹೇಳುವಾಗ ಇಬ್ಬರಾದರೂ ಇರಿ. ಇದನ್ನು ಮಗ್ಗಿಯಂತೆ, ನಾಟಕ ಆಡಿಸಿ, ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತೇನೆ. ಧೈರ್ಯ ಅಭ್ಯಾಸದಿಂದ ಬರುತ್ತದೆ. ಒಂಟಿಯಾಗಿ ತಟ್ಟೆ ಚಾಚಿದ ಆ ಹುಡುಗಿಗೆ ನಾನು ಕೊಡಲಾರದೆ ಹೋದದ್ದು ಇದು.

ಇಷ್ಟೆಲ್ಲ ಯಾಕೆ, ಮಕ್ಕಳು ದೊಡ್ಡವರಾಗುತ್ತಾ ತಾವೇ ತಿಳಿದುಕೊಳ್ಳುತ್ತಾರೆ ಎನ್ನುವವರು ಬೆಂಗಳೂರಿನ ಕಡೆ ನೋಡಲಿ. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಈ ಊರಿನಲ್ಲಿ ತಮ್ಮ ಪಕ್ಕ ಯಾರೂ ನಿಲ್ಲಲಾರರು ಎಂದು ಅವರಿಗೆ ಅನ್ನಿಸದಿದ್ದರೆ ವದಂತಿಗೆ ಅಷ್ಟು ಬಲ ಬರುತ್ತಿರಲಿಲ್ಲ. 2016ರ ಜನವರಿ 31ರಂದು ಸುಡಾನ್ ದೇಶದವನೊಬ್ಬನ ಕಾರು ಮಹಿಳೆಯೊಬ್ಬರ ಮೇಲೆ ಹರಿಯಿತು. ಆಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನರ ಗುಂಪು ಹಿಡಿದು ಹೊಡೆಯಿತು, ಅವಳಿದ್ದ ಕಾರಿಗೆ ಬೆಂಕಿ ಹಚ್ಚಿತು. ಅವಳಿಗೂ ಆ ಅಪಘಾತಕ್ಕೂ ಇದ್ದ ಸಂಬಂಧ ಮೈಬಣ್ಣ ಒಂದೇ. ಆ ಗುಂಪಿನಲ್ಲಿದ್ದವರೆಲ್ಲ ಒಂದು ಕಾಲಕ್ಕೆ ಭೇದ ಗೊತ್ತಿಲ್ಲದ ಮಕ್ಕಳು ಎಂದು ಹೊಗಳಿಸಿಕೊಂಡವರೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಸಿದ್ದಿ ಹುಡುಗ, ಬೆಂಗಳೂರಿನಲ್ಲಿ ಬಾಡಿಗೆಗೆ ಕೋಣೆ ಹುಡುಕುವಾಗ ಪಾಸ್‌ಪೋರ್ಟ್ ಕೇಳಿದರಂತೆ. ‘ನಾನು ಯಲ್ಲಾಪುರದವನು ಸಾರ್’ ಎಂದು ಅಚ್ಚಗನ್ನಡದಲ್ಲಿ ಹೇಳಿದ. ಕನ್ನಡ ಚೆನ್ನಾಗಿ ಕಲಿತಿದ್ದೀಯ ಎಂದರಂತೆ.

ನನ್ನ ಮಾತಿಗೆ ಒಂದು ಆಕ್ಷೇಪವಿದೆ, ಅದನ್ನು ನಾನು ಗೌರವಿಸುತ್ತೇನೆ. ಬೇರೆಯಾಗಿ ಕಾಣುವವರು ಪ್ರದರ್ಶನದ ವಸ್ತುಗಳಲ್ಲ, ಕಂಡ ಕಂಡ ಮಕ್ಕಳ ಪ್ರಶ್ನೆಗೆಲ್ಲ ಅವರು ಉತ್ತರ ಕೊಟ್ಟು ದಣಿಯಬೇಕೇ ಎಂಬುದು. ನಿಜ. ಎಷ್ಟೋ ದಿನ ನನಗೇ ಯಾರ ಪ್ರಶ್ನೆಯೂ ಬೇಡವಾಗಿರುತ್ತದೆ. ಆದರೆ ಇದರಿಂದ ಮಗುವಿನ ಬಾಯಿ ಮುಚ್ಚಿಸಬೇಕು ಎಂಬ ತೀರ್ಮಾನಕ್ಕೆ ಹೇಗೆ ಬರುತ್ತೀರಿ? ಉತ್ತರ ಕೊಡಬೇಕಾದವರು ನೀವು. ಬಸ್ಸಿನ ಆ ತಾಯಿ, ‘ಅದಕ್ಕೆ ತೊನ್ನು ಅಂತಾರೆ ಮಗಾ, ಚರ್ಮದ ಬಣ್ಣ ಹೋಗಿರುತ್ತೆ, ನೋವಾಗಲ್ಲ, ಅವರು ಬೇಜಾರು ಮಾಡಿಕೊಳ್ಳದಿದ್ದರೆ ಕೈ ಮುಟ್ಟಿ ನೋಡಬಹುದು’ ಎಂದಿದ್ದರೆ, ನಾನು ಕೈ ಚಾಚುತ್ತಿದ್ದೆನೋ ಇಲ್ಲವೋ, ಅದು ನನಗೆ ಬಿಟ್ಟದ್ದು. ಮಗು ನನ್ನ ಕಡೆ ಬೆನ್ನು ಹಾಕಿ ಕೂರಬೇಕಾಗಿರಲಿಲ್ಲ. ತಾಯಿಗೆ ಆ ಹೆಸರು ಗೊತ್ತಿರಲಿಲ್ಲವಾದರೆ ‘ನನಗೂ ಗೊತ್ತಿಲ್ಲ, ತಿಳಿದುಕೊಳ್ಳೋಣ’ ಎನ್ನಬಹುದಿತ್ತು.

ಕಳೆದ ಜೂನ್‌ನಲ್ಲಿ ಮೂರನೇ ತರಗತಿಗೆ ಹೊಸ ಹುಡುಗಿ ಬಂದಳು. ಒಲೆಯ ಬೆಂಕಿ ತಗುಲಿ ಎಡಗೆನ್ನೆ ಮತ್ತು ಕತ್ತು ಸುಟ್ಟು ಸುಕ್ಕುಗಟ್ಟಿತ್ತು. ಸೇರಿಸಲು ಬಂದ ತಂದೆ ನನ್ನನ್ನು ಬದಿಗೆ ಕರೆದು, ‘ಮಕ್ಕಳಿಗೆ ಮೊದಲೇ ಹೇಳಿಬಿಡಿ ಅಕ್ಕೋರೆ, ಅವಳ ಹತ್ರ ಏನೂ ಕೇಳಬಾರದು ಅಂತ’ ಎಂದರು. ಹಿಂದಿನ ಊರು ಬಿಟ್ಟು ಬಂದದ್ದೇ ಅಲ್ಲಿಯ ಶಾಲೆಯಲ್ಲಿ ಯಾರೂ ಅವಳ ಜೊತೆ ಮಾತಾಡುತ್ತಿರಲಿಲ್ಲ ಎಂಬ ಕಾರಣಕ್ಕೆ ಎಂದೂ ಹೇಳಿದರು. ಕೇಳಬಾರದು ಎಂದು ಅಲ್ಲಿಯೂ ಹೇಳಿಸಿದ್ದಿರಾ ಎಂದೆ. ಹೌದು ಎಂದರು. ಹುಡುಗಿ ಬಾಗಿಲ ಬಳಿ ಚೀಲ ತಬ್ಬಿಕೊಂಡು ನಿಂತಿದ್ದಳು. ಅವಳ ಎದುರು ಕೂತು, ನನ್ನ ಎರಡೂ ಕೈಗಳನ್ನು ಅವಳಿಗೆ ಕಾಣುವಂತೆ ಮಡಿಲಲ್ಲಿ ಇಟ್ಟುಕೊಂಡು ಕೇಳಿದೆ: ಒಳಗಿನ ಮಕ್ಕಳಿಗೆ ನಾನು ಹೇಳಲೋ, ನೀನು ಹೇಳುತ್ತೀಯೋ, ಅಥವಾ ಇಬ್ಬರೂ ಸೇರಿ ಹೇಳೋಣವೋ? ಅವಳು ನನ್ನ ಕೈಗಳನ್ನು ತುಂಬ ಹೊತ್ತು ನೋಡಿದಳು.

‘ನಾನೇ ಹೇಳ್ತೆ ಅಕ್ಕೋರೆ’ ಎಂದಳು. ‘ಆದ್ರೆ ಒಂದೇ ಸಲ.’